ಆಟೀನ್ ಗುಲಾಮನ ಕಿವಿ

‘ಆಟೀನ್ ಗುಲಾಮ: ಕೆಳಗಿನ ಮುಖದ ಕಿವಿಯ ಬಳಿ ಐದು ಚೌಕ ಹೆಚ್ಚಿವೆ. ತೆಗೆಯಿರಿ.’

ಇದನ್ನು ನಾನು ಬರೆದದ್ದು ಒಂದು ಗುರುವಾರ, ಬೆಳಗಿನ ಚಹಾಕ್ಕೆ ಹತ್ತು ನಿಮಿಷ ಮೊದಲು. ಹದಿನಾಲ್ಕು ವರ್ಷದ ಕೆಲಸದಲ್ಲಿ ಇಷ್ಟು ಸ್ಪಷ್ಟವಾದ ಟಿಪ್ಪಣಿ ಇನ್ನೊಂದು ಬರೆದಿಲ್ಲ. ಟಿಪ್ಪಣಿಯಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ನಮ್ಮದು ಇಸ್ಪೀಟ್ ಎಲೆ ಅಚ್ಚು ಹಾಕುವ ಪ್ರೆಸ್ಸು. ಹಾಳೆಯನ್ನು ಕತ್ತರಿಸಿ ಎಲೆ ಮಾಡುವ ಮೊದಲು ಅದು ನನ್ನ ಮೇಜಿಗೆ ಬರಬೇಕು. ಬಲಗಣ್ಣಿಗೆ ಮಸೂರ ಒತ್ತಿಕೊಂಡು ಅಂಗುಲ ಅಂಗುಲವಾಗಿ ನೋಡಿ, ತಪ್ಪಿದ್ದರೆ ಗುರುತು ಹಾಕಿ, ಇಲ್ಲದಿದ್ದರೆ ಸಹಿ ಹಾಕುವುದು ನನ್ನ ಕೆಲಸ. ಅದಕ್ಕೇ ಪ್ರೆಸ್ಸಿನಲ್ಲಿ ನನಗೆ ಭೂತಗನ್ನಡಿ ಎಂದು ಹೆಸರು. ಮಷಿನ್ ನಡೆಸುವ ಅಣ್ಣ ಪೂರ್ತಿ ಹೆಸರು ಹಿಡಿದು ಕೂಗುತ್ತಿದ್ದ. ಎದುರು ಮೇಜಿನ ಚಿತ್ರಗಾರ್ತಿ ಅರ್ಧಕ್ಕೆ ಇಳಿಸಿದ್ದಳು.

“ಭೂತ, ನಿಮ್ಮ ಪೆನ್ಸಿಲ್ ಎಲ್ಲಿ?”

ನಾನು ಡ್ರಾಯರ್ ಎಳೆಯುತ್ತಿದ್ದೆ. ಹಾಳೆ ಎತ್ತಿ ನೋಡುತ್ತಿದ್ದೆ. ಬಗ್ಗಿ ಕುರ್ಚಿಯ ಕೆಳಗೂ ಹುಡುಕುತ್ತಿದ್ದೆ. ಅವಳು ಗಲ್ಲಕ್ಕೆ ಕೈ ಕೊಟ್ಟುಕೊಂಡು ಈ ಹುಡುಕಾಟವನ್ನು ಕೊನೆಯವರೆಗೂ ನೋಡುತ್ತಿದ್ದಳು. ಆಮೇಲೆ ಎದ್ದು ಬಂದು ನನ್ನ ಕಿವಿಯ ಹಿಂದಿನಿಂದ ಅದನ್ನು ಎಳೆದು ಮುಂದೆ ಹಿಡಿಯುತ್ತಿದ್ದಳು. ಹಳದಿ ಮೈ, ಕೆಂಪು ಮೊನೆ.

“ಊರವರ ತಪ್ಪೆಲ್ಲ ಕಾಣುತ್ತೆ. ಸ್ವಂತ ಕಿವಿ ಕಾಣಲ್ಲ.”

“ಸ್ವಂತ ಕಿವಿ ಯಾರಿಗೂ ಕಾಣಲ್ಲ.”

“ಅದಕ್ಕೇ ಎದುರಿಗೊಬ್ಬರು ಬೇಕಾಗೋದು,” ಎಂದು ಹೇಳಿ ತನ್ನ ಕುರ್ಚಿಗೆ ಹೋಗಿ ಕೂತುಬಿಡುತ್ತಿದ್ದಳು.

ಒಂದೂವರೆ ವರ್ಷದಲ್ಲಿ ಹೀಗೆ ಇಪ್ಪತ್ತಮೂರು ಸಲ ಆಗಿತ್ತು. ಬೇಕೆಂದೇ ಮರೆತದ್ದು ಒಂದು ಸಲವೂ ಇಲ್ಲ. ಅಷ್ಟು ಜಾಣತನ ನನಗಿರಲಿಲ್ಲ. ಎಣಿಸಿದ್ದು ಮಾತ್ರ ಬೇಕೆಂದೇ.

ಆ ವರ್ಷ ಉಡುಗೊರೆ ಅಂಗಡಿಯವರೊಬ್ಬರು ಹಳೇ ವಿಡಿಯೋ ಗೇಮ್ ಥೀಮಿನ ಒಂದು ಪ್ಯಾಕ್ ಬೇಕೆಂದರು. ಐವತ್ತೆರಡು ಎಲೆ, ಎರಡು ಜೋಕರ್, ಎಲ್ಲವೂ ಹಳೇ ಟೀವಿ ಆಟಗಳ ಹಾಗೆ ಚಿಕ್ಕ ಚಿಕ್ಕ ಚೌಕಗಳಲ್ಲೇ ಆಗಬೇಕು. ಅವಳು ಅದಕ್ಕೆ ನಾಲ್ಕು ತಿಂಗಳು ಕೊಟ್ಟಳು. ರಾಜ ಅಂದರೆ ಕೊನೇ ಲೆವೆಲ್ಲಿನ ರಾಕ್ಷಸ. ರಾಣಿಯ ಕೈಯಲ್ಲಿ ಬೀಗದ ಕೈ. ಗುಲಾಮ ಅಂದರೆ ಓಡುವ, ಹಾರುವ, ಬಿದ್ದು ಏಳುವ ಪುಟ್ಟ ಹೀರೋ. ಆಟೀನಿನ ಕೆಂಪು ಹೃದಯಗಳು ಆಟಗಾರನ ಜೀವಗಳು. ಜೋಕರ್ ಬರೀ ಕಪ್ಪು ಪರದೆ. ಅದರಲ್ಲಿ ಎರಡು ಸಾಲು: ‘ಮುಂದುವರಿಸುವಿರಾ?’ ಕೆಳಗೆ, ‘9’.

“ಈ ಒಂಬತ್ತು ಏನು?” ಎಂದು ಕೇಳಿದೆ.

“ಅಯ್ಯೋ, ಒಂದು ಸಲವೂ ಆಡಿಲ್ವಾ ನೀವು?”

“ಮನೇಲಿ ಟೀವಿ ಅಕ್ಕನ ವಶದಲ್ಲಿತ್ತು.”

ಅವಳು ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು. ಅವಳ ಸೋದರಮಾವನ ಅಂಗಡಿಯ ಪಕ್ಕದಲ್ಲೇ ಗೇಮ್ ಪಾರ್ಲರ್ ಇತ್ತಂತೆ. ರಜೆಯೆಲ್ಲ ಅಲ್ಲೇ ಕಳೆದವಳು. “ಮೂರು ಜೀವ ಕೊಡ್ತಾರೆ. ಮೂರೂ ಹೋದ್ಮೇಲೆ ಹೀಗೆ ಕೇಳುತ್ತೆ. ಒಂಬತ್ತು, ಎಂಟು, ಏಳು ಅಂತ ಇಳೀತಾ ಹೋಗುತ್ತೆ. ಅಷ್ಟರೊಳಗೆ ಬಟನ್ ಒತ್ತಿದ್ರೆ ಉಳ್ಕೊಂಡ್ರಿ.”

“ಒತ್ತದಿದ್ದರೆ?”

“ಹಿಂದೆ ಕಾಯ್ತಾ ಇರೋರು ತಳ್ಳಿ ಕೂತ್ಕೋತಾರೆ.”

ಹೇಳುವಾಗ ಅವಳ ಭುಜ ನನ್ನ ಭುಜಕ್ಕೆ ತಾಗಿತು. ತಳ್ಳಿದ್ದನ್ನು ತೋರಿಸಲು ಇರಬೇಕು. ತೋರಿಸಿಯಾದ ಮೇಲೂ ಆ ಭುಜ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ನಾನು ಆಗಲೇ ನಿರ್ಧರಿಸಿದ್ದೆ. ಈ ಪ್ಯಾಕ್ ಅಂಗಡಿಗೆ ಹೊರಡುವ ದಿನ ಅವಳಿಗೆ ಹೇಳಿಬಿಡುವುದು. ಈ ವಿಷಯ ಅಕ್ಕನಿಗೆ ಮಾತ್ರ ಗೊತ್ತಿತ್ತು.

“ಪ್ಯಾಕ್ ಹೋಗೋ ತನಕ ಯಾಕೆ ಕಾಯ್ಬೇಕು?” ಎಂದಳು ಅಕ್ಕ, ಬಟ್ಟೆ ಮಡಿಸುತ್ತ.

“ಕೆಲಸದ ಮಧ್ಯೆ ಹೇಳಿದ್ರೆ ಅವರಿಗೆ ಮುಜುಗರ.”

“ಮುಜುಗರ ಅವಳಿಗಲ್ಲ ಕಣೋ, ನಿಂಗೆ.”

ಇನ್ನು ಆ ಗುರುವಾರ. ಸಾಮಾನ್ಯವಾಗಿ ಪ್ರೂಫ್ ಹಾಳೆಯನ್ನು ಟ್ರೇಯಲ್ಲಿಟ್ಟು ಹೋಗುತ್ತಿದ್ದವಳು ಅಂದು ತಾನೇ ತಂದು ಮೇಜಿನ ಮೇಲೆ ಹಾಸಿದಳು. ಮೂಲೆಗಳು ಸುರುಳಿಯಾಗದಂತೆ ನಾಲ್ಕು ಕಡೆ ಭಾರವನ್ನೂ ಇಟ್ಟಳು.

“ಆಟೀನ್ ಸಾಲನ್ನ ನಿಧಾನಕ್ಕೆ ನೋಡಿ. ಗುಲಾಮನ್ನಂತೂ ಕೂತು ನೋಡಿ.”

“ಎಲ್ಲಾನೂ ಕೂತೇ ನೋಡೋದು.”

“ಗೊತ್ತು ಮಾರಾಯ್ರೆ. ಆದ್ರೂ.”

ರಾಜ, ರಾಣಿ, ಗುಲಾಮರ ಎಲೆಯಲ್ಲಿ ಎರಡು ಮುಖ ಇರುತ್ತವೆ, ಒಂದು ನೆಟ್ಟಗೆ, ಒಂದು ತಲೆಕೆಳಗೆ. ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಒಂದೇ ಆಗಿರಬೇಕು. ಇಲ್ಲವಾದರೆ ಕೈಯಲ್ಲಿ ಎಲೆ ಯಾವ ಕಡೆ ತಿರುಗಿದೆ ಎಂಬುದರ ಮೇಲೆ ಮೋಸದಾಟ ಆಡಬಹುದು. ಇದು ಈ ಕಸುಬಿನ ಮೊದಲ ಪಾಠ. ಅವಳಿಗೂ ಗೊತ್ತಿದ್ದ ಪಾಠ.

ನಾನು ಮಸೂರ ಒತ್ತಿ ನೋಡಿದೆ. ಮೂರು ತಪ್ಪು ಸಿಕ್ಕವು. ಕಳಾವರ್ ಏಳರಲ್ಲಿ ಒಂದು ಚುಕ್ಕೆ ಮಾಸಿತ್ತು. ಡೈಮಂಡ್ ಮೂರರ ಅಂಕಿ ಅಂಚಿಗೆ ಸರಿದಿತ್ತು. ಮೂರನೆಯದು ಆಟೀನ್ ಗುಲಾಮನದು: ಮೇಲಿನ ಮುಖದಲ್ಲಿ ಇಲ್ಲದ ಐದು ಚೌಕಗಳು ಕೆಳಗಿನ ಮುಖದ ಕಿವಿಯ ಮೇಲೆ ಓರೆಯಾಗಿ ಕೂತಿದ್ದವು. ನಾಲ್ಕು ಹಳದಿ, ತುದಿಯಲ್ಲೊಂದು ಕೆಂಪು.

ಟಿಪ್ಪಣಿ ಬರೆದೆ. ಪೆನ್ಸಿಲನ್ನು ಎಲ್ಲೋ ಇಟ್ಟೆ. ಹಾಳೆಯನ್ನು ಅವಳ ಕಡೆ ತಿರುಗಿಸಿದೆ. ಸ್ವಲ್ಪ ಹೆಮ್ಮೆಯೂ ಆಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಅವಳು ಮೂರನೆಯ ಟಿಪ್ಪಣಿಯನ್ನು ಬಹಳ ಹೊತ್ತು ಓದಿದಳು. “ಇದು ತಪ್ಪಾ?”

“ಮೇಲಿಲ್ಲ, ಕೆಳಗಿದೆ. ತಪ್ಪೇ.”

“ಚೆನ್ನಾಗಿ ನೋಡಿದ್ರಾ?”

“ಎರಡು ಸಲ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಕಿವಿಯ ಕಡೆ ನೋಡಿದಳು. “ಬೇಡವೇ ಬೇಡ ಅಂತೀರಾ?”

“ಇದ್ದರೆ ಇಡೀ ಪ್ಯಾಕ್ ವಾಪಸ್ ಬರುತ್ತೆ.”

“ಸರಿ,” ಎಂದಳು. ಹಾಳೆ ಸುತ್ತಿಕೊಂಡು ಹೋದಳು.

ಮರುದಿನದ ಪ್ರೂಫಿನಲ್ಲಿ ಐದು ಚೌಕ ಇರಲಿಲ್ಲ. ನಾನು ಸಹಿ ಹಾಕಿದೆ. ಅಲ್ಲಿಂದ ಮುಂದೆ ನನ್ನ ಪೆನ್ಸಿಲನ್ನು ನಾನೇ ಹುಡುಕಿಕೊಂಡೆ. ಅವಳಿಗೆ ಕೆಲಸದ ಒತ್ತಡ ಎಂದುಕೊಂಡೆ. ಪ್ಯಾಕ್ ಹೊರಡುವ ಹಿಂದಿನ ದಿನ ಅವಳು ಬೇರೆ ಊರಿನ ಗೇಮ್ ಕಂಪನಿಯೊಂದಕ್ಕೆ ಸೇರುತ್ತಿರುವುದಾಗಿ ಎಲ್ಲರೆದುರು ಹೇಳಿದಳು. ಇರುವ ಮನಸ್ಸಿದ್ದವಳು ಹೊರಡುತ್ತಿರಲಿಲ್ಲ ಎಂಬ ಲೆಕ್ಕ ಹಾಕಿ ನಾನು ಬಾಯಿ ಮುಚ್ಚಿಕೊಂಡೆ. “ಒಳ್ಳೇ ಅವಕಾಶ, ಬಿಡಬೇಡಿ,” ಎಂದದ್ದು ನಾನೇ.

ಎರಡು ವರ್ಷ ಕಳೆಯಿತು. ಪ್ಯಾಕಿಗೆ ಬೇಡಿಕೆ ಬಂದು ಮರುಮುದ್ರಣಕ್ಕೆ ತಯಾರಿ ನಡೆದಿತ್ತು. ಅದೇ ವಾರ ಪ್ರೆಸ್ಸಿಗೆ ಬಣ್ಣ ಹೊಡೆಸಲು ಮಷಿನ್ ಅಣ್ಣ ಇಂಕಿನ ಬೀರುವನ್ನು ಪಕ್ಕಕ್ಕೆ ಸರಿಸಿದ. ಹಿಂದಿನ ಗೋಡೆಯಲ್ಲಿ ಒಂದು ಹಾಳೆ ಅಂಟಿತ್ತು.

ನಾನು ಬಾಗಿಲಲ್ಲಿದ್ದೆ. ಹಾಳೆಗೂ ನನಗೂ ಆರು ಹೆಜ್ಜೆ ದೂರ. ಆಟೀನ್ ಸಾಲಿನಲ್ಲಿ, ತಲೆಕೆಳಗಾಗಿ, ಯಾರೋ ಗುರುತಿನವರು ನನ್ನನ್ನು ನೋಡುತ್ತಿದ್ದರು. ಹುಬ್ಬು ಗಂಟಿಕ್ಕಿದ, ಉದ್ದ ಮುಖದ, ಕಿವಿಯ ಮೇಲೆ ಹಳದಿ ಪೆನ್ಸಿಲ್ ಸಿಕ್ಕಿಸಿಕೊಂಡ ಒಬ್ಬ ಮನುಷ್ಯ.

ಹತ್ತಿರ ಹೋದೆ. ಮುಖ ಒಡೆದು ಚೌಕಗಳಾಯಿತು. ಹಿಂದೆ ಬಂದೆ. ಮತ್ತೆ ನಾನಾದೆ.

“ಅದು ಮೊದಲನೇ ಪ್ರೂಫು,” ಎಂದ ಅಣ್ಣ. “ಎರಡು ಹಾಳೆ ತೆಗೆದಿದ್ದೆ. ಒಂದು ನಿನಗೆ ಬಂತು. ಇದನ್ನ ಎಸೆಯೋಕೆ ಮನಸ್ಸು ಬರಲಿಲ್ಲ, ನಿನ್ನ ಮೂತಿ ಅಷ್ಟು ಚೆನ್ನಾಗಿ ಬಂದಿತ್ತು.”

“ನಿಂಗೆ ಆಗ್ಲೇ ಗೊತ್ತಿತ್ತಾ?”

“ಪ್ಯಾಕಿಂಗಿನವರಿಗೂ ಗೊತ್ತಿತ್ತು. ನೀನು ನೋಡಿದ್ಮೇಲೇ ಬೇಡ ಅಂದೆ ಅಂತ ನಾವು ಸುಮ್ಮನಾದ್ವಿ.” ಅವನು ನನ್ನನ್ನೇ ನೋಡಿದ. ನಗು ಇಳಿಯಿತು. “ಲೋ ಭೂತಗನ್ನಡಿ. ನೋಡಿರಲಿಲ್ವೇನೋ?”

ಮರುಮುದ್ರಣದ ಪ್ರೂಫಿಗೆ ಚಿತ್ರಗಾರ್ತಿಯ ಒಪ್ಪಿಗೆ ಸಹಿ ಬೇಕಿತ್ತು. ಕೊರಿಯರ್‌ನಲ್ಲಿ ಹೋಗಬೇಕಾದ್ದನ್ನು ನಾನೇ ಒಯ್ಯುತ್ತೇನೆಂದೆ. ಗೋಡೆಯ ಹಾಳೆಯಿಂದ ಆ ಗುಲಾಮನನ್ನು ಕತ್ತರಿಸಿ ಅಂಗಿಯ ಜೇಬಿನಲ್ಲಿಟ್ಟೆ. ರೈಲಿನಲ್ಲಿ ನಾಲ್ಕು ಗಂಟೆ ಒಂದೇ ವಾಕ್ಯವನ್ನು ತಿದ್ದಿದೆ. ಕೊನೆಗೆ ಎರಡು ಪದ ಉಳಿಯಿತು: ‘ಕಂಡಿರಲಿಲ್ಲ, ಕ್ಷಮಿಸಿ.’

ಅವಳ ಆಫೀಸಿನ ಕೆಳಮಹಡಿಯ ಕ್ಯಾಂಟೀನಿನಲ್ಲಿ ಕೂತೆವು. ಕೂದಲು ಚಿಕ್ಕದು ಮಾಡಿಸಿಕೊಂಡಿದ್ದಳು. ಕುತ್ತಿಗೆಯ ಗುರುತಿನ ಚೀಟಿಯಲ್ಲಿ ಅವಳ ಹೆಸರಿನ ಮುಂದೆ ಹೊಸದೊಂದು ಹೆಸರು ಸೇರಿತ್ತು. ನಾನು ಓದಿದ್ದನ್ನು ಅವಳು ನೋಡಿದಳು.

“ಎಂಟು ತಿಂಗಳಾಯ್ತು. ನನ್ನವರೂ ಇಲ್ಲೇ, ಮೂರನೇ ಮಹಡಿ. ತುಂಬಾ ಒಳ್ಳೆಯವರು, ಭೂತ. ನಿಮಗೂ ಇಷ್ಟ ಆಗ್ತಾರೆ.”

“ಆಗ್ತಾರೆ,” ಎಂದೆ.

ಅವಳು ಪ್ರೂಫನ್ನು ಎರಡೂ ಕೈ ಚಾಚಿ ದೂರ ಹಿಡಿದು ನೋಡಿದಳು. ಹಾಗೆ ನೋಡಬೇಕಿತ್ತು. ಆಟೀನ್ ಸಾಲಿಗೆ ಬಂದಾಗ ಹಾಳೆಯನ್ನು ತಲೆಕೆಳಗು ಮಾಡಿದಳು, ಮತ್ತೆ ನೆಟ್ಟಗೆ ಮಾಡಿದಳು.

“ಒಂದು ಮಾತು ಕೇಳಲಾ? ಎರಡು ವರ್ಷದಿಂದ ಇದೊಂದು ಒಳಗೇ ಉಳ್ಕೊಂಡಿದೆ. ಅವತ್ತು ನಿಮಗೆ ಕಂಡಿತ್ತು ತಾನೆ?”

ನಾನು ಮಾತಾಡುವ ಮೊದಲೇ ಅವಳು ಮುಂದುವರಿಸಿದಳು. “ಕಂಡಿದ್ರೆ ಬೇಜಾರಿಲ್ಲ. ನೋಡಿದ್ರಿ, ಬೇಡ ಅಂದ್ರಿ, ನಾನು ಹೊರಟು ಬಂದೆ. ಎಲ್ಲ ಅದರದರ ಜಾಗದಲ್ಲಿ ಕೂತಿದೆ. ಕಂಡೇ ಇರಲಿಲ್ಲ ಅಂದ್ರೆ…”

ಅವಳ ಹೆಬ್ಬೆರಳು ಗುರುತಿನ ಚೀಟಿಯ ಅಂಚನ್ನು ಉಜ್ಜುತ್ತಿತ್ತು.

ಜೇಬಿನಲ್ಲಿ ಗುಲಾಮನಿದ್ದ. ನಾನು ಕೈ ಹಾಕಲಿಲ್ಲ.

“ಕಂಡಿತ್ತು,” ಎಂದೆ.

ಅವಳ ಉಸಿರು ಹೊರಗೆ ಬಂತು. “ಅಷ್ಟೇ ಸಾಕು. ಕೊಡಿ, ಸಹಿ ಹಾಕ್ತೀನಿ. ಪೆನ್ಸಿಲ್ ಇದೆಯಾ?”

“ತಂದಿದ್ದೆ.” ಚೀಲ ನೋಡಿದೆ. ಪ್ಯಾಂಟಿನ ಜೇಬು ನೋಡಿದೆ. ಹಾಳೆ ಎತ್ತಿ ನೋಡಿದೆ. “ರೈಲಿನಲ್ಲಿ ಕೈಯಲ್ಲೇ ಇತ್ತಲ್ಲ.”

ಅವಳು ನೋಡುತ್ತ ಕೂತಿದ್ದಳು. ಈ ಸಲ ಗಲ್ಲಕ್ಕೆ ಕೈ ಕೊಟ್ಟಿರಲಿಲ್ಲ. ನಿಧಾನವಾಗಿ ಕೈ ಚಾಚಿ ನನ್ನ ಕಿವಿಯಿಂದ ಪೆನ್ಸಿಲ್ ತೆಗೆದಳು.

ಅದನ್ನು ನೋಡಿದಳು. ನನ್ನ ಕಿವಿ ನೋಡಿದಳು. ಕಿವಿಯಲ್ಲಿ ಪೆನ್ಸಿಲ್ ಇರುವುದೇ ಗೊತ್ತಿಲ್ಲದೆ ರೈಲಿಳಿದು ಬಂದವನು ಐದು ಚೌಕಗಳಲ್ಲಿ ತನ್ನನ್ನು ಗುರುತಿಸಿದ್ದನಂತೆ. ಅವಳ ಕಣ್ಣಿನಲ್ಲಿ ಆ ಲೆಕ್ಕ ಪೂರ್ತಿಯಾಗುವುದನ್ನು ನಾನು ಕಂಡೆ.

“ಭೂತ,” ಎಂದಳು, ಬಹಳ ಮೆಲ್ಲಗೆ. “ನಿಜವಾಗ್ಲೂ ಕಂಡಿತ್ತಾ?”

ಹಾಳೆಯ ಮೂಲೆಯಲ್ಲಿ ಜೋಕರ್ ಕೇಳುತ್ತಿತ್ತು. ಒಂಬತ್ತು. ಎಂಟು. ಏಳು. ನಾನು ಕೊನೆಯವರೆಗೂ ಎಣಿಸಿದೆ.

“ಕಂಡಿತ್ತು,” ಎಂದೆ.

“ಸರಿ,” ಎಂದಳು. ಅಂದಿನ ಅದೇ ಮಾತು, ಅದೇ ದನಿ. ಸಹಿ ಹಾಕಿದಳು, ಕೆಳಗೆ ತಾರೀಖು ಬರೆದಳು. ಪೆನ್ಸಿಲನ್ನು ನನ್ನ ಕೈಗೆ ಕೊಡಲಿಲ್ಲ. ಸ್ವಲ್ಪ ಮುಂದೆ ಬಾಗಿ, ಅದು ಇದ್ದ ಜಾಗದಲ್ಲೇ, ಕಿವಿಯ ಹಿಂದೆ ಸಿಕ್ಕಿಸಿದಳು.

ಊರು ತಲುಪುವ ತನಕ ನಾನು ಅದನ್ನು ತೆಗೆಯಲಿಲ್ಲ. ಮರೆತಿದ್ದಕ್ಕಲ್ಲ.