ಪ್ಲಾಸ್ಟಿಕ್ ತೆಗೆಯದ ಕಾರು

"ಕತ್ತರಿ ಹಚ್ಚಬ್ಯಾಡ ತಂಗೀ... ಮ್ಯಾಲಿಂದ ನೋಡಿದರ ಸಾಲದೇನು?"

ಅಹಲ್ಯಾಬಾಯಿಯವರ ದನಿ ಅವರಿಗೇ ಗುರುತು ಸಿಗದಷ್ಟು ಮೆತ್ತಗಾಗಿತ್ತು. ಮಾನ್ವಿಯ ಅವರ ಮನೆಯ ಅಂಗಳದಲ್ಲಿ, ತಗಡಿನ ಮಾಡಿನ ಕೆಳಗೆ, ಬೆಳ್ಳಿ ಬಣ್ಣದ ಜರ್ಮನಿ ಕಾರು ನಾಲ್ಕೂ ಬಾಗಿಲು ತೆರೆದುಕೊಂಡು ನಿಂತಿತ್ತು. ಅದರೊಳಗೆ ಮಂಡಿಯೂರಿದ್ದವಳು ಗುಲ್ಫಶಾ, ರಾಯಚೂರಿನಲ್ಲಿ ಹಳೇ ಕಾರುಗಳಿಗೆ ಬೆಲೆ ಕಟ್ಟುವ ಹುಡುಗಿ.

"ಸೀಟು ನೋಡದ ರೇಟ್ ಬರಿಯಾಕ ಬರಂಗಿಲ್ರೀ ಅಮ್ಮಾ. ದೇವದುರ್ಗದವರು ನನ್ನ ಅದಕ್ಕೇ ಕಳಿಸ್ಯಾರ."

ದೇವದುರ್ಗದವರು ಎಂದರೆ ಮಗಳು ವೇದಶ್ರೀಗೆ ಗೊತ್ತಾಗಿದ್ದ ವರನ ಕಡೆಯವರು. ಮೂರು ಸಂಬಂಧ ಬಂದು ಮುರಿದ ಮೇಲೆ ಕೂಡಿ ಬಂದದ್ದು. ವೇದಶ್ರೀಗೆ ಮೂವತ್ತೊಂದು ತುಂಬಿತ್ತು, ನಿಶ್ಚಿತಾರ್ಥಕ್ಕೆ ನಾಲ್ಕೇ ದಿನ ಉಳಿದಿತ್ತು. ವರನ ಸೋದರಮಾವ ಸಂಕರ್ಷಣರಾಯರು ಹೋದ ವಾರ ಕಾಫಿ ಕುಡಿಯುತ್ತ, "ನಿಮ್ಮ ಅಂಗಳದಾಗ ಕಾರು ಸುಮ್ಮನ ನಿಂತದಲ್ಲ" ಎಂದಿದ್ದರು, ಅಷ್ಟೇ. ಅಹಲ್ಯಾಬಾಯಿಯವರು ಹಿಂದೆ ಮುಂದೆ ನೋಡದೆ ಅದನ್ನು ಕೊಡಲು ಹೂಂ ಅಂದುಬಿಟ್ಟಿದ್ದರು. ಹೂಂ ಅನ್ನಲು ಅದೇನು ಅವರ ಕಾರೇ? ಸೊಸೆ ಶ್ರೀವಲ್ಲಿಯ ಹೆಸರಿನಲ್ಲಿದ್ದ ಕಾರು. ಎರಡು ವರ್ಷದ ಕೆಳಗೆ ಅವಳ ಮದುವೆಗೆಂದು ತಂದೆ ಗೋಪಾಲಕೃಷ್ಣ ಮಾಸ್ತರರು ರಾಯಚೂರಿನ ಸ್ವಂತ ಮನೆ ಮಾರಿ ತಂದು ನಿಲ್ಲಿಸಿದ್ದು. ಮಾಸ್ತರರು ಈಗ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಆ ಮನೆಯ ಹೊಸ್ತಿಲನ್ನು ಅಹಲ್ಯಾಬಾಯಿಯವರು ಇದುವರೆಗೆ ತುಳಿದಿರಲಿಲ್ಲ.

ಬೆಳಗಿನಿಂದ ಅವರಿಗೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ... ಚಟ್ನಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಕಾಲೇಜಿಗೆ ಪಾಠ ಹೇಳಲು ಹೊರಟ ಮಗ ವಿಬುಧೇಂದ್ರ, "ಅಮ್ಮಾ, ಕಾರಿನ ಮಾತು ಶ್ರೀವಲ್ಲಿಗೆ ಕೇಳಿದಿ ಏನು?" ಎಂದದ್ದಕ್ಕೆ, "ಮನಿ ಅಂದಮ್ಯಾಲೆ ಕೇಳೋದೇನದ" ಎಂದು ಬಾಯಿ ಮುಚ್ಚಿಸಿದ್ದರು.

ಗುಲ್ಫಶಾ ಬಣ್ಣದ ದಪ್ಪ ಅಳೆಯುವ ಅಂಗೈಯಗಲದ ಒಂದು ಮಷಿನ್ನನ್ನು ಕಾರಿನ ಮೈಗೆಲ್ಲ ಹಿಡಿದು ಹಿಡಿದು ನೋಡಿದ್ದಳು. "ಎಲ್ಲೂ ಬಡಿದಿಲ್ರೀ. ಪೇಂಟ್ ಕಂಪನಿದೇ ಅದ."

ಕಟ್ಟೆಯ ಮೇಲೆ ನಿಂತಿದ್ದ ವೇದಶ್ರೀ, "ಅಕ್ಕಾ, ಅದನ್ನ ಹಂಗೇ ನನ್ನ ಕೆನ್ನಿಗೂ ಹಿಡೀರಿ. ನಂದು ಕಂಪನಿ ಪೇಂಟೋ ಅಲ್ಲೋ ಬೀಗರಿಗೆ ತಿಳೀಲಿ" ಎಂದಳು.

"ವೇದಾ, ಒಳಗ ನಡಿ."

ಅವಳು ನಡೆಯಲಿಲ್ಲ.

ಕಾರು ಬಂದ ದಿನವೇ ಸೀಟುಗಳು ಚರ್ಮದವು ಎಂದು ಗೊತ್ತಾಗಿತ್ತು. ಚರ್ಮದ ಮೇಲೆ ಕೂತು ಮಠಕ್ಕೆ ಹೋಗುವುದು ಹೇಗೆ? ಮಡಿ ಉಳಿದೀತೆ? ಅಹಲ್ಯಾಬಾಯಿಯವರು ಕಂಪನಿಯ ಪ್ಲಾಸ್ಟಿಕ್ ತೆಗೆಯಗೊಡದೆ, ಅದರ ಮೇಲೆ ಇನ್ನೊಂದು ದಪ್ಪ ಪ್ಲಾಸ್ಟಿಕ್ ಹೊಲಿಸಿ, ಸಂದಿಯಿಲ್ಲದಂತೆ ಟೇಪು ಸುತ್ತಿಸಿದ್ದರು. ಅದರ ಮೇಲೆ ಮಡಿಯ ಉಣ್ಣೆ ಧಾಬಳಿ ಹಾಸಿದರೆ ಮಾತ್ರ ಅವರು ಕಾರು ಹತ್ತುವುದು. ಎರಡು ಬೇಸಿಗೆ ಈ ತಗಡಿನ ಕೆಳಗೆ ಕಾರು ಹಾಗೇ ಬೆಂದಿತ್ತು.

ಕತ್ತರಿ ಆಡಿತು. ಗುಲ್ಫಶಾ ಪ್ಲಾಸ್ಟಿಕ್ಕಿನ ಅಂಚು ಹಿಡಿದು ಎಳೆದಳು. ಅದು ಬರಲಿಲ್ಲ. ಮತ್ತೆ ಎಳೆದಾಗ ಸರ್ರನೆ ಬಂತು, ಬರುವಾಗ ಚರ್ಮವನ್ನೂ ಹೊಪ್ಪಳಿ ಹೊಪ್ಪಳಿಯಾಗಿ ಎಬ್ಬಿಸಿಕೊಂಡೇ ಬಂತು. ಒಳಗಿನಿಂದ ಮುಗ್ಗಲು ವಾಸನೆ ಹೊಡೆಯಿತು. ಎರಡನೆಯ ಸೀಟು, ಮೂರನೆಯದು, ಹಿಂದಿನದು... ಎಲ್ಲದರದೂ ಅದೇ ಕಥೆ. ಅಹಲ್ಯಾಬಾಯಿಯವರು ಬಾಗಿಲಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡರು.

"ಯಾರೂ ಮುಟ್ಟಿಲ್ಲ ತಂಗೀ. ನಮ್ಮ ದೇವರಾಣಿ, ಒಬ್ಬರೂ ಮುಟ್ಟಿಲ್ಲ."

"ಅದಕ್ಕೇ ರೀ ಅಮ್ಮಾ. ದಿನಾ ಕುಂತು ಓಡಾಡಿದ್ರ ಇಷ್ಟು ಕೆಡತಿರಲಿಲ್ಲ." ಗುಲ್ಫಶಾ ಬೆವರು ಒರೆಸಿಕೊಂಡು ಮೊಬೈಲಿನಲ್ಲಿ ಬರೆಯತೊಡಗಿದಳು. "ಹೊಸದಕ್ಕ ನಲವತ್ತಾರು ಲಕ್ಷ. ಎರಡು ವರ್ಷ, ಬರೇ ನಾಲ್ಕು ಸಾವಿರ ಕಿಲೋಮೀಟರ್, ಒಬ್ಬರೇ ಓನರು. ಮೂವತ್ತೆರಡು ಬರಿಯೋವಂಥ ಗಾಡಿ. ಆದ್ರ ಸೀಟು ಎಲ್ಲಾ ಹೋಗ್ಯಾವ, ನಿಂತು ನಿಂತು ಟಾಯರು ಒಂದೇ ಕಡಿ ಚಪ್ಪಟಿ ಆಗ್ಯಾವ, ಬ್ಯಾಟರಿ ಸತ್ತದ. ಇಪ್ಪತ್ತಾರರ ಮ್ಯಾಲೆ ಹೋಗಂಗಿಲ್ರೀ."

"ಮೂವತ್ತೆರಡೇ ಬರಿ ತಂಗೀ. ನಿನ್ನ ತಾಯಿ ಅಂತ ತಿಳಕೋ... ಹುಡುಗಿಯ ಬಾಳಿನ ಪ್ರಶ್ನೆ ಅದ."

ಗುಲ್ಫಶಾ ತಲೆ ತಗ್ಗಿಸಿದಳು. "ನಾ ಬರೆದದ್ದು ನಂಬಿಯೇ ಮಂದಿ ರೊಕ್ಕ ಕೊಡ್ತಾರ್ರೀ ಅಮ್ಮಾ. ಸುಳ್ಳು ಬರಿಯಾಕ ಆಗಂಗಿಲ್ಲ."

ಬರೆದದ್ದು ದೇವದುರ್ಗ ಮುಟ್ಟಿ ಹತ್ತು ನಿಮಿಷವೂ ಆಗಿರಲಿಲ್ಲ, ಅಹಲ್ಯಾಬಾಯಿಯವರ ಫೋನು ಬಡಿದುಕೊಂಡಿತು. ಕಿವಿ ಮಂದವೆಂದು ಅವರು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವವರು. ಸಂಕರ್ಷಣರಾಯರ ದನಿ ಅಂಗಳದ ತುಂಬ ಕೇಳಿಸಿತು.

"ಏನ್ರೀ ಬೀಗತಿಯವರ, ಇಪ್ಪತ್ತಾರಂತಲ್ಲ. ನಾವು ಊರ ತುಂಬ ಮೂವತ್ತೆರಡು ಅಂತ ಹೇಳಿಕೊಂಡೀವಿ."

"ಸೀಟು ಹೊಸಾವು ಹಾಕಿಸಿ ಕೊಡ್ತೀವ್ರಿ ರಾಯರ..."

"ಹಾಕಿಸಿದ್ದು ಹಾಕಿಸಿದ್ದೇ ಅಲ್ಲೇನ್ರೀ? ಕಡಿಮಿ ಬಿದ್ದ ಆರು ಲಕ್ಷಕ್ಕ ನಿಮ್ಮ ಸೊಸಿ ತವರಿಗೆ ಒಂದು ಮಾತು ಹಾಕ್ರಿ. ಕಾರು ಕೊಟ್ಟವರಿಗೆ ಇದೇನು ಭಾರ?" ರಾಯರು ಸಣ್ಣಗೆ ನಕ್ಕರು. "ನಮ್ಮ ಬಾಯಿಂದ ನಾವೇನೂ ಕೇಳೋದಿಲ್ಲ ಬಿಡ್ರಿ. ಮಗಳು ಸುಖವಾಗಿರಲಿ ಅಂತ ನಿಮಗೇ ಅನಸಬೇಕು."

ಅಹಲ್ಯಾಬಾಯಿಯವರು ಕೈಯಲ್ಲಿದ್ದ ಫೋನನ್ನೇ ದಿಟ್ಟಿಸಿದರು. ಈ ಮಾತು... ಇದು ತಮ್ಮದೇ ಮಾತು. ಎರಡು ವರ್ಷದ ಕೆಳಗೆ, ಗೋಪಾಲಕೃಷ್ಣ ಮಾಸ್ತರರ ಪಡಸಾಲೆಯಲ್ಲಿ, ಅವರು ಕೊಟ್ಟ ಮಜ್ಜಿಗೆ ಕುಡಿದು ಲೋಟ ಕೆಳಗಿಡುತ್ತ ತಾವೇ ಆಡಿದ ಮಾತು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಆಗ ಮಾಸ್ತರರು ಎದ್ದು ಹೋಗಿ, ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟು, ತಮ್ಮ ಮನೆಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದ್ದರು. ಅದೇಕೆ ಹಾಗೆ ನೋಡಿದರೆಂದು ಅಹಲ್ಯಾಬಾಯಿಯವರಿಗೆ ತಿಳಿಯಲು ಇವತ್ತಿನ ದಿನವೇ ಬರಬೇಕಾಯಿತು...

ಅಷ್ಟರಲ್ಲಿ ಶ್ರೀವಲ್ಲಿ ಒಳಗಿನಿಂದ ಬಂದಳು. ಕೈಯಲ್ಲಿ ಕಾಗದಗಳಿದ್ದವು. ಕಾಗದಗಳ ಮೇಲೆ ಅವಳ ನಾಲ್ಕು ಚಿನ್ನದ ಬಳೆ.

"ಅತ್ಯಾ, ಕಾರು ಅವರ ಹೆಸರಿಗೆ ಮಾಡೋ ಕಾಗದಕ್ಕ ಸಹಿ ಮಾಡೀನಿ. ಬಳೀನೂ ಇಟಗೋರಿ, ಸೀಟಿಗೆ ಆಗ್ತಾವ." ಅವಳು ಅಳಲಿಲ್ಲ. "ಒಂದೇ ಕೇಳಿಕೋತೀನಿ. ನಮ್ಮಪ್ಪಗ ಫೋನ್ ಮಾಡಬ್ಯಾಡ್ರಿ. ಕೇಳಿದರ ಅವರು ಇಲ್ಲ ಅನ್ನೋದಿಲ್ಲ... ಮಾರಲಿಕ್ಕೆ ಅವರ ಹತ್ತರ ಇನ್ನೇನೂ ಉಳಿದಿಲ್ಲ ಅತ್ಯಾ."

ಫೋನು ಇನ್ನೂ ಮಾತಾಡುತ್ತಿತ್ತು. "ಹಲೋ, ಬೀಗತಿಯವರ? ಇದ್ದೀರೇನು?"

"ಇದ್ದೀನ್ರಿ ರಾಯರ." ಅಹಲ್ಯಾಬಾಯಿಯವರು ಮಗಳ ಕಡೆ ನೋಡಿದರು. ವೇದಶ್ರೀ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ತಾಯಿಯ ಕಣ್ಣು ಕಂಡು, ಮೆಲ್ಲಗೆ, ಬಹಳ ಮೆಲ್ಲಗೆ, ಬೇಡವೆಂದು ತಲೆಯಾಡಿಸಿದಳು. "ಆದರ ನಿಮ್ಮ ಬೀಗತಿ ಇನ್ನೂ ಆಗಿಲ್ಲ. ಆಗೋದೂ ಇಲ್ಲ ಬಿಡ್ರಿ."

ಫೋನು ಆರಿತು. ವೇದಶ್ರೀ ಕಣ್ಣೊರೆಸಿಕೊಂಡು, "ನಿಶ್ಚಿತಾರ್ಥದ ಸೀರಿಗೆ ಫಾಲು ಹಚ್ಚಿಸೇವಿ. ಅದನ್ನೇನು ಮಾಡ್ಲಿ ಈಗ?" ಎಂದಳು.

"ಉಟಗೋ. ರಾಯಚೂರಿಗೆ ಹೋಗೋಣು." ಅಹಲ್ಯಾಬಾಯಿಯವರು ನಾಲ್ಕು ಬಳೆಗಳನ್ನೂ ಒಂದೊಂದಾಗಿ ಸೊಸೆಯ ಕೈಗೆ ತೊಡಿಸಿದರು. "ಗುಲ್ಫಶಾ, ಇಪ್ಪತ್ತಾರಕ್ಕ ಗಿರಾಕಿ ನೋಡವಾ. ರೊಕ್ಕ ಇವರಪ್ಪನ ಕೈಗೆ ಹೋಗಲಿ. ಮನಿ ತಿರುಗಿ ಬರೋದಿಲ್ಲ... ಒಂದು ಸಣ್ಣದಾದರೂ ಬಂದೀತು."

ಗುಲ್ಫಶಾ ತನ್ನ ಗಾಡಿಯಿಂದ ವೈರು ಎಳೆದು ಸತ್ತ ಬ್ಯಾಟರಿಗೆ ಜೀವ ಕೊಟ್ಟಳು. ಅಹಲ್ಯಾಬಾಯಿಯವರು ದೇವರ ಮನೆಯ ಪೆಟ್ಟಿಗೆಯಿಂದ ಕೀಲಿ ತಂದು ಶ್ರೀವಲ್ಲಿಯ ಕೈಗಿಟ್ಟರು. ಕಾರು ನಡೆಸುವುದನ್ನು ಅವಳಿಗೆ ಅಪ್ಪ ಕಲಿಸಿದ್ದರು. ಕೀಲಿ ಮಾತ್ರ ಎರಡು ವರ್ಷದಲ್ಲಿ ಒಮ್ಮೆಯೂ ಅವಳ ಕೈಗೆ ಬಂದಿರಲಿಲ್ಲ. ಅವಳು ರೂಢಿಯಂತೆ ಧಾಬಳಿ ತಂದು ಸೀಟಿಗೆ ಹಾಸಹೋದಳು.

"ಬ್ಯಾಡ, ಮಡಚಿ ಇಡು."

ಕಿತ್ತುಬಂದ ಆ ಚರ್ಮದ ಮೇಲೆಯೇ ಅಹಲ್ಯಾಬಾಯಿಯವರು ಕೂತರು. ಕಪ್ಪು ಹೊಪ್ಪಳಿಗಳು ಸೀರೆಗೆಲ್ಲ ಅಂಟಿಕೊಂಡವು. ಅವರು ಕೊಡವಲಿಲ್ಲ. ಕಾರು ಓಣಿ ದಾಟಿ ರಾಯಚೂರಿನ ರಸ್ತೆ ಹಿಡಿದ ಮೇಲೆ ಕೇಳಿದರು:

"ನಿಮ್ಮಪ್ಪ ನನ್ನ ಒಳಗ ಕರೀತಾರೇನು?"

"ಕರೀತಾರ ಅತ್ಯಾ. ಆದರ ಮನಿಯಾಗ ಒಂದೇ ಕುರ್ಚಿ ಅದ."

"ಅದರ ಮ್ಯಾಲೆ ಅವರು ಕೂಡಲಿ," ಎಂದರು ಅಹಲ್ಯಾಬಾಯಿಯವರು. "ನಾ ನೆಲದ ಮ್ಯಾಲೆ ಕೂಡ್ತೀನಿ."