ಬಿಳಿಯೊಳಗಿನ ನೀಲಿ

ಟುಲ್ಲಿಯೊ ಮೊದಲ ಸಲ ಮುರಾನೊ ದ್ವೀಪದ ನಮ್ಮ ಗಾಜಿನ ಕುಲುಮೆಗೆ ಬಂದಾಗ ಕೈಯಲ್ಲಿ ಒಂದು ಕಾಗದವಿತ್ತು. ಅದರಲ್ಲಿ ಕೈಯೆತ್ತದೆ ಬರೆದ ಒಂದು ಹೂದಾನಿ. ಒಳಗೆ ನೀಲಿ, ಹೊರಗೆ ಹಾಲುಬಿಳಿ.

ಗಾಜು ಊದುವ ನನ್ನ ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಆರ್ಕಿಟೆಕ್ಟರೇ, ಪೆನ್ಸಿಲಿಗೇನು, ಬೆವರು ಬರಲ್ಲ."

ಬಣ್ಣ ತೂಗಿ ಬೆರೆಸುವ ಕೆಲಸ ನನ್ನದು. ಪಾದುವಾದಲ್ಲಿ ರಸಾಯನಶಾಸ್ತ್ರ ಓದಿ ಬಂದಿದ್ದೆ. ತಣಿಯುವಾಗ ಬಿಳಿ ಹೆಚ್ಚು ಕುಗ್ಗುತ್ತದೆ, ಎರಡೂ ಜೊತೆಗೆ ಉಳಿಯುವುದಿಲ್ಲ ಎಂದೆ. ಅವನು ಕಾಗದ ಬಿಟ್ಟು ನನ್ನನ್ನೇ ನೋಡುತ್ತ ಕೇಳಿಸಿಕೊಂಡ.

"ಎಷ್ಟು ಕುಗ್ಗುತ್ತೆ?"

"ಒಡೆಯೋಕೆ ಸಾಕಾಗುವಷ್ಟು."

ಆಗಸ್ಟಿನಲ್ಲಿ ಕುಲುಮೆ ಆರಿಸುತ್ತೇವೆ. ಅದರ ಹಿಂದಿನ ದಿನ, ಮೂಸೆಯಲ್ಲಿ ಉಳಿದ ಗಾಜಿನಿಂದ ಯಾರು ಏನು ಬೇಕಾದರೂ ಮಾಡಿಕೊಳ್ಳಬಹುದು. ಆ ವರ್ಷ ಅಪ್ಪ ಅವನ ಹೂದಾನಿ ಊದಿದರು. ಟುಲ್ಲಿಯೊ ಹಿಂದೆ ನಿಂತು ಗಾಳಿಯಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಿದ್ದ. ಉರಿಯುವ ಉಂಡೆ ಆ ಬೆರಳನ್ನು ಕಂಡಂತೆ ಬಾಗಿತು. ಹುಟ್ಟಿದಾಗಿನಿಂದ ಗಾಜು ನೋಡಿದವಳು ನಾನು. ಅಂದು ಉಸಿರಾಡುವುದನ್ನು ಮರೆತೆ.

ಎರಡು ದಿನದ ನಂತರ ತಣಿಸುವ ಒಲೆಯಿಂದ ಅದು ಇಡಿಯಾಗಿಯೇ ಹೊರಬಂತು. ಅಂಗಳದ ಮೇಜಿನ ಮೇಲಿಟ್ಟೆವು.

"ನೋಡಿ, ಜೊತೆಗೇ ಇವೆ," ಎಂದ ಟುಲ್ಲಿಯೊ. ಕಿವಿ ಕೆಂಪಾಗಿತ್ತು. "ಹಾಗೇ ನಾವೂ..."

ಟಿಣ್ ಎಂದಿತು. ಬುಡದಿಂದ ಬಾಯಿಯವರೆಗೆ ಒಂದೇ ಬಿರುಕು.

"ನಾವೂ? ಮುಂದೆ ಹೇಳಿ."

"ಬೇಡ. ಗಾಜು ಒಪ್ಪಲಿಲ್ಲ."

"ಗಾಜನ್ನ ಯಾಕೆ ಕೇಳ್ತೀರಿ? ನನ್ನ ಕೇಳಿ."

ಚಳಿಗಾಲದಲ್ಲಿ ಮದುವೆಯಾದೆವು.

ಅವನು ವಿನ್ಯಾಸ ಮಾಡಿದ ದೀಪಗಳು ಮಿಲಾನಿಗೆ ಹೋದವು, ಪ್ಯಾರಿಸ್ಸಿಗೆ ಹೋದವು. ಒಂದು ಬಟ್ಟಲನ್ನು ಮ್ಯೂಸಿಯಂ ಕೊಂಡಿತು. ಎಲ್ಲಿದ್ದರೂ ಕುಲುಮೆ ಆರುವ ಮುನ್ನ ಅವನು ಊರಿಗೆ ಬರುತ್ತಿದ್ದ. ಅದೇ ಹೂದಾನಿ, ಅದೇ ಬಿರುಕು. ಏಳು ವರ್ಷ. ಪ್ರತಿ ಸಲ ನಾನು ನೀಲಿಯ ಪಾಕವನ್ನಷ್ಟೇ ಬದಲಿಸುತ್ತಿದ್ದೆ. ಬಿಳಿಯ ಪಾಕ ಮುತ್ತಜ್ಜನದು, ನಮ್ಮ ಮನೆಯಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ. ಮುಟ್ಟು ಎಂದು ಅವನೂ ಒಮ್ಮೆಯೂ ಕೇಳಲಿಲ್ಲ.

ಈ ವರ್ಷ ಮಾರ್ಚಿನಲ್ಲಿ ಟುಲ್ಲಿಯೊ ತೀರಿಕೊಂಡ. ಬೆಳಗ್ಗೆ ಎದೆನೋವು ಎಂದ, ಮಧ್ಯಾಹ್ನಕ್ಕೆ ಇರಲಿಲ್ಲ.

ಜುಲೈನಲ್ಲಿ, ಬಿಳಿ ಅಷ್ಟು ಕುಗ್ಗದಂತೆ ಅದರಲ್ಲಿ ಸೋಡಾ ಕಡಿಮೆ ಮಾಡುತ್ತೇನೆ ಎಂದು ಅಪ್ಪನಿಗೆ ಹೇಳಿದೆ. ಅವರು ಒಳಗೆ ಹೋಗಿ ಮುತ್ತಜ್ಜನ ಪಾಕದ ಪುಸ್ತಕ ತಂದರು. ತಾವೇ ಸೋಡಾದ ಸಾಲಿನ ಮೇಲೆ ಗೀಟು ಹಾಕಿದರು.

"ಬರಿ. ನಿನ್ನ ಕೈಯಲ್ಲೇ ಬರಿ."

ಕುಲುಮೆ ಆರಿಸುವ ಹಿಂದಿನ ದಿನ ಅಪ್ಪ ಊದುತ್ತ ಒಮ್ಮೆ ಹಿಂತಿರುಗಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ನಾನು ಹೋಗಿ ಆ ಜಾಗದಲ್ಲಿ ನಿಂತೆ. ಬೆರಳೆತ್ತಿದೆ. ಗೆರೆ ನನಗೆ ಬಾಯಿಪಾಠವಾಗಿತ್ತು. ಗಾಜು ಬಾಗಿತು.

ಈಗ ಅಕ್ಟೋಬರ್. ಹೂದಾನಿ ಇಡಿಯಾಗಿ ನನ್ನ ಕಿಟಕಿಯಲ್ಲಿದೆ. ಬೆಳಗ್ಗೆ ನೀರಿನ ಮೇಲಿನ ಬೆಳಕು ತಾಗಿದಾಗ ಬಿಳಿಯ ಒಳಗಿನಿಂದ ನೀಲಿ ಮೆಲ್ಲಗೆ ಮೇಲೇಳುತ್ತದೆ. ನಮ್ಮ ಕೈಯಿಂದ ಬಂದದ್ದೇ ಇದು ಎಂದು ನಂಬಲಾಗುವುದಿಲ್ಲ. ಅಪ್ಪ ದಿನವೂ ಬಂದು ಅದಕ್ಕೆ ಕಿವಿಯಿಟ್ಟು ಕೇಳುತ್ತಾರೆ.

"ಏನಾದ್ರೂ ಸದ್ದು ಮಾಡ್ತಾ?"

"ಇಲ್ಲಪ್ಪ."

"ಆರ್ಕಿಟೆಕ್ಟರದ್ದು ಬಲು ಹಟ," ಎಂದು ಇವತ್ತು ಟೋಪಿ ತೆಗೆದರು.

ಅವರು ಕುಲುಮೆಗೆ ಮರಳಿದ ಮೇಲೆ ಕಿಟಕಿಯ ಬಳಿ ಕೂತೆ. ಅವನು ಅಂಗಳದಲ್ಲಿ ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಮುಗಿಸಿದೆ.

"ನಾವೂ ಜೊತೆಗೇ ಇದ್ದೀವಿ, ಟುಲ್ಲಿಯೊ."

ಗಾಜು ಸದ್ದು ಮಾಡಲಿಲ್ಲ.