ಹದಿನೇಳನೆಯ ಮೊಳೆ

ಬೆಳಿಗ್ಗೆ 10.20ಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ತಾಯಿ, ದೊಡ್ಡ ಮಗನ ಮೇಲೆಯೇ ದೂರು ಕೊಟ್ಟಳು. ಅವನು ರೈಲು ಡ್ರೈವರ್. ಚಿಕ್ಕವನು ಎಂಜಿನ್ ದುರಸ್ತಿ ಶೆಡ್ಡಿನ ಫಿಟ್ಟರ್. ರೈಲಿಗೆ ಜೋಡಿಸಲು ಎಂಜಿನ್ ಒಯ್ಯಲು ಬಂದ ಅಣ್ಣ, ಅದರಡಿ ಕೆಲಸ ಮಾಡುತ್ತಿದ್ದ ತಮ್ಮನ ಮೇಲೆಯೇ ಅದನ್ನು ಹಾಯಿಸಿದ್ದ.

"ಒಡಹುಟ್ಟಿದವನನ್ನೇ ನುಂಗ್ದ. ಬರ್ಕೊಳ್ಳಿ."

ಎಫ್‌ಐಆರ್ ಆಯಿತು. ಆಕೆ ಬೆಂಚು ಬಿಟ್ಟೇಳಲಿಲ್ಲ.

ಶೆಡ್ಡಿನ ಕಟ್ಟಳೆ ಸರಳ. ಅಡಿಗೆ ಇಳಿಯುವ ಫಿಟ್ಟರ್ ತನ್ನ ಸಂಖ್ಯೆಯ ಹಿತ್ತಾಳೆ ಬಿಲ್ಲೆಯನ್ನು ಎಂಜಿನ್ನಿನ ಬಾಗಿಲ ಹಿಡಿಗೆ ತೂಗುಹಾಕಬೇಕು. ಮೇಲೆ ಬಂದು ತಾನೇ ತೆಗೆಯಬೇಕು. ಡ್ರೈವರ್ ಬಂದವನು ಮೊದಲು ಆ ಹಿಡಿ ನೋಡಬೇಕು. ಆಮೇಲೆಯೇ ಚಕ್ರದ ಅಡ್ಡಗಟ್ಟೆ, ಬ್ರೇಕು, ಹಾರನ್ನು. ಒಂದು ಜೀವ ಆ ಬಿಲ್ಲೆಯ ದಾರದಲ್ಲಿ ತೂಗುತ್ತಿರುತ್ತದೆ.

"ಬಿಲ್ಲೆ ಇರ್ಲಿಲ್ಲ ಸಾರ್," ಎಂದ ಡ್ರೈವರ್, ಲಾಕಪ್ಪಿನಿಂದ.

"ಇನ್ನೇನು, ಇತ್ತು ಅಂತೀಯಾ?" ಪೇದೆ ಗೊಣಗಿದ.

ಪಂಚನಾಮೆಯಲ್ಲಿ ಇನ್ಸ್‌ಪೆಕ್ಟರ್ ಎಂಜಿನ್ನಿನ ಸುತ್ತ, ಅದರಡಿಯ ಗುಂಡಿಯಲ್ಲಿ, ಸತ್ತವನ ಜೇಬಿನಲ್ಲಿ ಹುಡುಕಿಸಿದರು. ಬಿಲ್ಲೆ ಸಿಕ್ಕಿದ್ದು ಬಿಲ್ಲೆ ಕೊಡುವ ಕಿಟಕಿಯೊಳಗೆ, ಹಲಗೆಯಲ್ಲಿ ಅವನದೇ ಸಂಖ್ಯೆಯ ಹದಿನೇಳನೆಯ ಮೊಳೆಯಲ್ಲಿ, ಹಸಿ ಗ್ರೀಸಿನೊಂದಿಗೆ. ಪಕ್ಕದ ಮೊಳೆಯಲ್ಲಿ ಸೊಟ್ಟಗಾದ ಇನ್ನೊಂದು. ಪುಸ್ತಕದಲ್ಲಿ ಫಿಟ್ಟರ್ ಬಿಲ್ಲೆ ಪಡೆದದ್ದು 8.50ಕ್ಕೆ, ಮರಳಿಸಿದ ಸಹಿ ಇಲ್ಲ.

ಕಿಟಕಿಯೊಳಗೆ ಕೂರುವವನು ಒಬ್ಬನೇ, ಎಲ್ಲರೂ ಬಿಲ್ಲೆಯಜ್ಜ ಎನ್ನುವ ಮುದುಕ.

"ಸತ್ತವನು ಎದ್ದು ಬಂದು ತೂಗುಹಾಕಿದ್ನಾ, ಅಜ್ಜ?"

"ನಾನೇ ಹಾಕ್ದೆ. ಡ್ರೈವರ್ ಬರೋ ಮುಂಚೆ ಹಿಡಿಯಿಂದ ತೆಗೆದು ತಂದೆ."

"ಚರಂಡಿಗೆ ಎಸೆದಿದ್ರೆ ನಮಗೆ ಸಿಗ್ತಿರ್ಲಿಲ್ಲ."

"ಮೂವತ್ತು ವರ್ಷದ ಕೈ ಸ್ವಾಮಿ. ಬಿಲ್ಲೆ ಹಿಡಿದ್ರೆ ಮೊಳೆಗೇ ಹೋಗುತ್ತೆ."

"ಆ ಫಿಟ್ಟರ್ ನಿನಗೇನು ಮಾಡಿದ್ದ?"

"ಪಾಪ, ಏನೂ ಇಲ್ಲ. ದಿನಾ 'ಉಂಡ್ಯಾ ಅಜ್ಜ' ಅಂತಿದ್ದ."

ಮುದುಕ ಸೊಟ್ಟ ಬಿಲ್ಲೆಯನ್ನು ಸವರಿದ.

"ಇದು ನನ್ನ ಮಗಂದು. ಮೂರು ವರ್ಷದ ಹಿಂದೆ ಇದೇ ಡ್ರೈವರ್ ಹಿಡಿ ನೋಡ್ದೆ ಎಂಜಿನ್ ಓಡಿಸ್ದ, ಅಡೀಲಿದ್ದ ಮಗ ಸತ್ತ. ಬಿಲ್ಲೆ ಇರ್ಲಿಲ್ಲ ಅಂದ. ಎಲ್ರೂ ನಂಬಿದ್ರು. ಆಮೇಲೆ ಹಿಡಿಯಿಂದ ಉದುರಿದ್ದ ಇದು ಹಳಿ ಪಕ್ಕ ನನ್ನ ಕೈಗೇ ಸಿಕ್ತು. ಇವತ್ತು ನಿಜವಾಗ್ಲೂ ಇರ್ಲಿಲ್ಲ. ಯಾರಾದ್ರೂ ನಂಬಿದ್ರಾ? ದೂರು ಕೊಟ್ಟಿದ್ದು ಹೆತ್ತವಳೇ ಅಂತಲ್ಲ."

ಸಂಜೆ 4.10ಕ್ಕೆ ಮುದುಕನ ಬಂಧನವಾಯಿತು.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ತಾಯಿಗೆ ಎಲ್ಲವನ್ನೂ ಹೇಳಿದರು. ಆಕೆ ಕಂಬಿಯ ಹತ್ತಿರ ಹೋದಳು.

"ಅಜ್ಜನ ಮಗ ಸತ್ತ ದಿನ ಬಿಲ್ಲೆ ಇತ್ತೇನೋ?"

ಡ್ರೈವರ್ ತಲೆ ಎತ್ತಲಿಲ್ಲ. ತಾಯಿ ಸೆರಗು ಬಿಗಿದುಕೊಂಡು, ಹಿಂತಿರುಗಿ ನೋಡದೆ ಮೆಟ್ಟಿಲಿಳಿದಳು.

ಪೇದೆ ಬೀಗ ತೆಗೆದ. ಡ್ರೈವರ್ ಕೂತೇ ಇದ್ದ. ಒಳಗೆ ಹೋಗಲು ಕಾದು ನಿಂತಿದ್ದ ಮುದುಕ, ಮಗುವನ್ನು ಎಬ್ಬಿಸುವಷ್ಟು ಮೆಲ್ಲಗೆ ಹೇಳಿದ:

"ಏಳಪ್ಪ, ಹೋಗು. ಈಗ ಎಲ್ರೂ ನಿನ್ನ ನಂಬ್ತಾರೆ."